ರಾಕೆಟ್ಟಿಗೆ ನಿಂಬೆಹಣ್ಣು ಬರೆದ ಕಾಕಾ

ನಮ್ಮ ಕಾಕಾ ಸಿಂದಗಿ ಬಿಟ್ಟರೆ ವಿಜಾಪುರ, ಅದರಾಚೆ ಹೋದವರೇ ಅಲ್ಲ. ಆದರೆ ಮಂಗಳ ಗ್ರಹದ ಓಣಿ ಓಣಿಯೂ ಅವರಿಗೆ ಗೊತ್ತು! ನಂಬುವುದಿಲ್ಲವೇ? ನಾನೂ ನಂಬುವುದಿಲ್ಲ. ಆದರೂ ಕೇಳಿ.

ಕಾಕಾ ಪೇಂಟರ್. ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರೇಲರ್ ಬರೆಯುವುದು ಅವರ ಕೆಲಸ. ಅವರು ಐದನೇ ಇಯತ್ತೆಯಲ್ಲಿದ್ದಾಗ ಅಜ್ಜ ಮಿರ್ಚಿಭಜಿ ಕಟ್ಟಿಸಿಕೊಂಡು ತಂದ ಕಾಗದ, ವಿಜ್ಞಾನ ಕಥೆಗಳ ಒಂದು ಮಾಸಿಕದ ಮುಖಪುಟವಾಗಿತ್ತಂತೆ: ಗ್ರಹದತ್ತ ಹೊರಟ ರಾಕೆಟ್ಟು. ಮನೆಯವರು ಭಜಿ ತಿಂದರು, ಕಾಕಾ ಕಾಗದ ಎತ್ತಿಟ್ಟುಕೊಂಡರು. ಇಂಥದ್ದೊಂದು ಮುಖಪುಟ ಬರೆದೇ ಬರೆಯುತ್ತೇನೆಂದು ಅಂದೇ ಪಣ! ಕಾಗದದ ಎಣ್ಣೆ ಕಲೆಯನ್ನು ಗ್ರಹದ ವಾತಾವರಣವೆಂದೇ ತಿಳಿದಿದ್ದರಿಂದ ಅವರ ಗ್ರಹಗಳೆಲ್ಲ ಇಂದಿಗೂ ಜಿಡ್ಡುಜಿಡ್ಡಾಗಿ ಹೊಳೆಯುತ್ತವೆ.

ಯಂಕಂಚಿಯ ಗೌಡರೊಬ್ಬರು ಟ್ರೇಲರಿನ ಹಿಂಬದಿಗೆ ಜೋಡೆತ್ತು ಬರೆಯಲು ಹೇಳಿಹೋದರು. ಸಂಜೆ ಬಂದು ನೋಡಿದರೆ ಎತ್ತುಗಳ ತಲೆಗೆ ಗಾಜಿನ ಬುರುಡೆ, ಕಾಲ ಕೆಳಗೆ ಚಂದ್ರ!

"ಏ ಪೇಂಟರ್, ಎತ್ತಿನ ತಲಿ ಬರಣ್ಯಾಗ ಯಾಕ ಹಾಕೀಯೋ?"

"ಚಂದ್ರನ ಮ್ಯಾಲ ಗಾಳಿ ಇಲ್ಲರಿ, ಗೌಡ್ರ."

"ಯಂಕಂಚ್ಯಾಗ ಐತೆಲ್ಲೋ! ಮೊದ್ಲ ತಗಿ ಅದನ್ನ, ಉಸಿರುಗಟ್ಟಿ ಸತ್ತಾವು!"

ಗಗನಯಾತ್ರಿಯ ಚಿತ್ರಕ್ಕೆ ನಾನೇ ಮಾಡೆಲ್. ಇಡೀ ತಾಲೂಕಿನಲ್ಲಿ ಇಷ್ಟು ಚೆಂದದ ಮುಖ ಇನ್ನೊಂದು ಸಿಗಬೇಕಲ್ಲ! ಬೆನ್ನಿಗೆ ತೊಗರಿಗೆ ಔಷಧ ಹೊಡೆಯುವ ಪಂಪು, ತಲೆಗೆ ಹೆಲ್ಮೆಟ್ಟು. ಮಟಮಟ ಮಧ್ಯಾಹ್ನ ಮಾಳಿಗೆಯ ಮೇಲೆ ಒಂಟಿಕಾಲಲ್ಲಿ ನಿಂತೆ, ತೇಲುತ್ತಿರುವ ಲೆಕ್ಕ. ಪಕ್ಕದ ಮನೆಯ ಖಾಲಾ ಕೆಳಗಿನಿಂದ ಕೂಗಿದರು.

"ಯಾಕೋ, ನಿಮ್ಮ ಮಾಳಗಿಗೂ ಕೀಡಿ ಬಿದ್ದಾವೇನು?"

"ಮಂಗಳಕ್ಕ ಹೊಂಟೇನ್ರಿ, ಖಾಲಾ!"

"ಹೋಗಪಾ, ಹೋಗು. ನಮ್ಮ ಪಂಪ್ ಮಾತ್ರ ಇಲ್ಲೇ ಇಟ್ಟ ಹೋಗು!"

ಇಷ್ಟೆಲ್ಲ ಮಾಡಿದರೆ, ಚಿತ್ರದಲ್ಲಿ ಹೆಲ್ಮೆಟ್ಟಿನ ಗಾಜಿಗೆ ಕಪ್ಪು ಬಣ್ಣ! ನನ್ನ ಚೆಂದದ ಮುಖ ಎಲ್ಲಿ? ಅವತ್ತಿನಿಂದ ಕಾಕಾನ ಪ್ರತಿ ಚಿತ್ರದಲ್ಲೂ ತಪ್ಪು ಹುಡುಕುವುದೇ ನನ್ನ ಸೇಡು.

ಕಾಕಾ ಭಜಿ ಕಾಗದದ ರಾಕೆಟ್ಟನ್ನೇ ತಿದ್ದಿ ತಿದ್ದಿ ಬರೆದು ಬೆಂಗಳೂರಿನ ಒಂದು ಮಾಸಿಕಕ್ಕೆ ಕಳಿಸುತ್ತಿದ್ದರು. ಹೋದ ಚಿತ್ರ ಹೋದ ಹಾಗೆಯೇ ತಿರುಗಿ ಬರುತ್ತಿತ್ತು. ಏಳನೆಯದು ಬಂದ ದಿನ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಡುಗೆಮನೆಯಿಂದ ಹೊರಬಂದಳು.

"ಇನ್ನೊಂದ ಸಲ ಕಳಸ್ರಿ. ಅದೂ ತಿರಗಿ ಬಂತಂದ್ರ ರಾಕೆಟ್ಟು ಗೀಕೆಟ್ಟು ಸಾಕು. ಬರೇ ಬೋರ್ಡ್ ಬರೀರಿ. ಆಣಿ ಮಾಡ್ರಿ."

ಕಾಕಾ ಆಣೆ ಮಾಡಿದರು. ಆಮೇಲೆ ಒಂದು ತಿಂಗಳು ಬಾಗಿಲು ಹಾಕಿಕೊಂಡು ಬರೆದರು. ನನಗೂ ತೋರಿಸಲಿಲ್ಲ. ಅಂಚೆಗೆ ಹಾಕಿದ ಮರುದಿನವೇ ಹಣೆ ಹಣೆ ಚಚ್ಚಿಕೊಂಡರು. ಟ್ರೇಲರ್ ಬರೆಯುವವರಿಗೆ ಒಂದು ರೂಢಿಯಿದೆ: ಗಾಡಿ ಮುಗಿದ ಮೇಲೆ, ದೃಷ್ಟಿ ತಾಗದಿರಲೆಂದು ಹಿಂಬದಿಗೆ ನಿಂಬೆಹಣ್ಣು, ಮೆಣಸಿನಕಾಯಿ; ಅದರ ಕೆಳಗೆ ಮಾಲೀಕರ ಮಕ್ಕಳ ಹೆಸರು. ಕೈಗೆ ಅದೇ ಚಟ!

"ರಾಕೆಟ್ಟಿಗೂ ನಿಂಬಿಹಣ್ಣ ಬರದುಬಿಟ್ಟೆನಲ್ಲೋ!"

"ಹಾರ್ನ್ ಹೊಡೀರಿ ಅಂತನೂ ಬರದೀರೇನ್ರಿ, ಕಾಕಾ?"

ಕಾಕಾ ಮತ್ತೊಮ್ಮೆ ಹಣೆ ಚಚ್ಚಿಕೊಂಡರು. ಅಂದರೆ ಬರೆದಿದ್ದರು!

ನಾನು ಓಣಿಯ ತುಂಬ ಡಂಗುರ ಸಾರಿದೆ. ಇದೂ ತಿರುಗಿ ಬಂದೇ ಬರುತ್ತದೆಂದು ಚಿಗವ್ವ ರಾಕೆಟ್ಟಿನ ಬಣ್ಣದ ಡಬ್ಬಿಗಳಲ್ಲಿ ಯಾವುದಕ್ಕೆ ಜೋಳದ ನುಚ್ಚು, ಯಾವುದಕ್ಕೆ ಖಾರಪುಡಿ ತುಂಬುವುದೆಂದು ನೋಡತೊಡಗಿದಳು. ಅಷ್ಟರಲ್ಲಿ ಸಂಪಾದಕರ ಕಾರ್ಡು ಬಂತು: "ನಿಮ್ಮ ಹಿಂದಿನ ರಾಕೆಟ್ಟುಗಳು ಯಾರವೋ ಅನ್ನಿಸುತ್ತಿದ್ದವು. ಇದು ನಮ್ಮದು. ಮುಖಪುಟಕ್ಕೆ ಹಾಕುತ್ತಿದ್ದೇವೆ. ನಿಂಬೆಹಣ್ಣು ಅಳಿಸುವುದಿಲ್ಲ."

ಸಂಚಿಕೆ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ತೂಗಾಡಿದ ದಿನ ಕಾಕಾ ಹತ್ತಿರ ಹೋಗಲಿಲ್ಲ. ದೂರದ ಕಂಬಕ್ಕೆ ಒರಗಿ, ಯಾರಾದರೂ ಕೊಳ್ಳುತ್ತಾರೋ ಎಂದು ನೋಡುತ್ತ ನಿಂತರು. ನಾನು ಠೀವಿಯಿಂದ ಒಂದು ಪ್ರತಿ ಎತ್ತಿಕೊಂಡು ತಪ್ಪು ಹುಡುಕತೊಡಗಿದೆ. ನಿಂಬೆಹಣ್ಣು ಇತ್ತು. ಮೆಣಸಿನಕಾಯಿ ಇತ್ತು. ಹಾರ್ನೂ ಇತ್ತು. ಊರವರ ಮಕ್ಕಳ ಹೆಸರನ್ನೆಲ್ಲ ಬರೆದ, ತಮಗೆ ಮಕ್ಕಳಿಲ್ಲದ ಕಾಕಾ, ಅದರ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ಒಂದು ಹೆಸರು ಬರೆದಿದ್ದರು.

ನನ್ನದು.

"ಏನೋ, ಏನ್ ತಪ್ಪ ಸಿಕ್ತು?" ಕಾಕಾ ಕಂಬದ ಹತ್ತಿರದಿಂದಲೇ ಕೂಗಿದರು.

ನಾನು ಪ್ರತಿಯ ದುಡ್ಡು ಕೊಟ್ಟು ಕೂಗಿದೆ.

"ಅಕ್ಷರ ಭಾಳ ಸಣ್ಣು ಆಗ್ಯಾವ್ರಿ, ಕಾಕಾ. ಮುಂದಿನ ಮುಖಪುಟದಾಗ ದೊಡ್ಡದಾಗಿ ಬರೀರಿ."