ಆನೆಯನ್ನು ಕಣ್ಣಾರೆ ನೋಡುವ ಬಗ್ಗೆ

ಇಲಾಖೆಯ ಹೆಸರು: (ಬೋರ್ಡಿನ ಫೋಟೋ ಸಿಬ್ಬಂದಿಯೊಬ್ಬರ ಮೊಬೈಲಿನಲ್ಲಿದೆ, ಚಾರ್ಜ್ ಆದ ನಂತರ ತಿಳಿಸಲಾಗುವುದು)
ಚಾಮರಾಜನಗರ

ಸಂಖ್ಯೆ: ನೆನಪು/ಆನೆ/ಚಾ.ನಗರ/01
ದಿನಾಂಕ: ಮೊಬೈಲ್ ನೋಡಿಕೊಳ್ಳುವುದು

ವಿಷಯ: ಎದುರಿಗೆ ಬಂದ ಆನೆಯನ್ನು ಮೊದಲು ಕಣ್ಣಿನಿಂದ ನೋಡುವ ಕುರಿತು.

ಉಲ್ಲೇಖ: (1) ಕಳೆದ ಭಾನುವಾರದ ಸಿಬ್ಬಂದಿ ಪ್ರವಾಸ. (2) ಶ್ರೀಮತಿ ಗುರುಮಲ್ಲಮ್ಮನವರ ಮೌಖಿಕ ದೂರು, ಅಡುಗೆಮನೆ ಬಾಗಿಲಲ್ಲಿ ಸ್ವೀಕರಿಸಿದ್ದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ಪ್ರವಾಸದಲ್ಲಿ ಗುಂಡ್ಲುಪೇಟೆ ದಾಟಿದ ಮೇಲೆ ಕಾಡಿನ ರಸ್ತೆಗೆ ಆನೆಯೊಂದು ಅಡ್ಡ ಬಂದು, ಸಾಕಷ್ಟು ಹೊತ್ತು ನಿಂತು, ತನ್ನ ಪಾಡಿಗೆ ಹೋಗಿರುತ್ತದೆ. ಬಸ್ಸಿನಲ್ಲಿದ್ದ ಸಕಲ ಸಿಬ್ಬಂದಿ ಫೋಟೋ ತೆಗೆಯುವುದರಲ್ಲಿ ಮಗ್ನರಾಗಿದ್ದ ಕಾರಣ ಆನೆಯನ್ನು ಯಾರೂ ನೋಡಿರುವುದಿಲ್ಲ. ಕೊಂಬಿತ್ತೇ ಎಂಬ ಬಗ್ಗೆ ಕಚೇರಿಯಲ್ಲಿ ಈಗಲೂ ಎರಡು ಬಣಗಳಿವೆ. ಫೋಟೋಗಳನ್ನು ಪರಿಶೀಲಿಸಲಾಗಿ, ಎಲ್ಲದರಲ್ಲಿಯೂ ಶ್ರೀ ಸೋಮೇಶ್ ಅವರ ಎತ್ತಿದ ಕೈ ಸ್ಪಷ್ಟವಾಗಿ ಮೂಡಿಬಂದಿದೆ. ಫೋನ್ ಹಿಡಿಯದಿದ್ದ ಏಕೈಕ ವ್ಯಕ್ತಿ, ಚಾಲಕ ಚಿಕ್ಕಬಸವಯ್ಯನವರು, ಮಾದಪ್ಪನನ್ನು ನೆನೆಯುತ್ತ ಕಣ್ಣು ಮುಚ್ಚಿದ್ದರು.

ಕಚೇರಿಯ ಹಿರಿಯ ನೌಕರರೊಬ್ಬರ (ಹೆಸರು ಗೋಪ್ಯ) ತಾಯಿಯಾದ ಗುರುಮಲ್ಲಮ್ಮನವರಿಗೆ ಕಣ್ಣು ಕಾಣುವುದಿಲ್ಲ. ಅಂದಂದು ಕಂಡದ್ದನ್ನು ಸಂಜೆ ಅವರಿಗೆ ಹೇಳುವುದು ಮಗನ ವಾಡಿಕೆ. ಅಂದು ಸದರಿ ಮಗ "ಅವ್ವಾ, ಆನೆ ನೋಡಿದೆ" ಎಂದು ಹೇಳಿ, ಅಭ್ಯಾಸಬಲದಿಂದ ಮೊಬೈಲನ್ನು ತಾಯಿಯ ಮುಖದ ಮುಂದೆ ಹಿಡಿದಿರುತ್ತಾರೆ. ಆಗ ದಾಖಲಾದ ದೂರು ಯಥಾವತ್ತಾಗಿ ಹೀಗಿದೆ: "ಫೋಟೋ ನಂಗ್ಯಾಕ್ಲಾ ಮಗ? ಆನ ಕಿವಿ ಬೀಸ್ತಾ? ನಿನ್ ಕಡ ತಿರುಗಿ ನೋಡ್ತಾ? ಬಾಯ್ಬುಟ್ಟು ಯೋಳ್ಲಾ." ಸದರಿ ಮಗ ಮೊಬೈಲನ್ನು ಜೇಬಿಗೆ ಇಳಿಸಿದರು. ಅಂದು ಅವರಿಗೆ ಊಟ ಸೇರಲಿಲ್ಲ.

ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಆನೆ ಕಂಡ ಕೂಡಲೇ ಬಾಯಿ ತೆರೆದು ನೋಡತಕ್ಕದ್ದು. ಬಾಯಿ ಮುಚ್ಚಿದ ನಂತರವೇ ಮೊಬೈಲ್ ತೆರೆಯತಕ್ಕದ್ದು.

2. ಪ್ರವಾಸದಂದು ತಮ್ಮ ಗಾಡಿ ನಿಲ್ಲಿಸಿದ ಜಾಗ ಮರೆಯದಿರಲೆಂದು ಶ್ರೀ ರಾಜಣ್ಣನವರು ಬಸ್ ನಿಲ್ದಾಣದಲ್ಲಿ ತೆಗೆದ ಫೋಟೋದಲ್ಲಿ ಗಾಡಿ ಮಾತ್ರ ಇದೆ, ಜಾಗ ಇಲ್ಲ. ಗಾಡಿ ಹೇಗಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು. ಇದು ಪುನರಾವರ್ತನೆಯಾಗಬಾರದು.

3. ಮುದ್ದೆಯ ಫೋಟೋ ತೆಗೆಯುವಷ್ಟರಲ್ಲಿ ಮುದ್ದೆ ಆರಿ ಕಲ್ಲಾದರೆ ಇಲಾಖೆ ಹೊಣೆಯಲ್ಲ. ಲೈಕ್ ಬಂದ ಮಾತ್ರಕ್ಕೆ ಹೊಟ್ಟೆ ತುಂಬಿದಂತೆ ಪರಿಗಣಿಸಲಾಗುವುದಿಲ್ಲ.

4. ಹೆಂಡತಿಯ ಫೋನ್ ನಂಬರ್ ಬಾಯಿಗೆ ಬಾರದವರು ಅದನ್ನು ಮಗ್ಗಿಯಂತೆ ಉರು ಹೊಡೆದು ಹಾಜರಿ ಪುಸ್ತಕ ನೋಡಿಕೊಳ್ಳುವ ಶ್ರೀಮತಿ ನಾಗಲಕ್ಷ್ಮಿಯವರಿಗೆ ಒಪ್ಪಿಸತಕ್ಕದ್ದು. ಬೇರೆಯವರ ಹೆಂಡತಿಯ ನಂಬರ್ ಒಪ್ಪಿಸಿದಲ್ಲಿ ವಿವರಣೆ ಕೇಳಲಾಗುವುದು.

5. ಈ ಸುತ್ತೋಲೆಯ ಫೋಟೋ ತೆಗೆದುಕೊಂಡು "ಆಮೇಲೆ ಓದ್ತೀನಿ ಬುಡಿ" ಎನ್ನುವುದನ್ನು ನಿಷೇಧಿಸಲಾಗಿದೆ. ಆ "ಆಮೇಲೆ" ಇದುವರೆಗೆ ಬಂದ ದಾಖಲೆ ಈ ಕಚೇರಿಯಲ್ಲಿ ಇಲ್ಲ.

6. ಬರುವ ಭಾನುವಾರ ಅದೇ ರಸ್ತೆಯಲ್ಲಿ ಮರುಪ್ರವಾಸ ಕೈಗೊಳ್ಳಲಾಗುವುದು. ಎಲ್ಲ ಮೊಬೈಲುಗಳನ್ನು ಚಿತ್ರಾನ್ನದ ಡಬ್ಬಿಯ ಕೆಳಗೆ ಇಡತಕ್ಕದ್ದು. ಮುಂದಿನ ಸೀಟನ್ನು ಗುರುಮಲ್ಲಮ್ಮನವರಿಗೆ ಕಾಯ್ದಿರಿಸಲಾಗಿದೆ. ಆನೆ ಬಂದಲ್ಲಿ ಕಿವಿ, ಕೊಂಬು, ಸೊಂಡಿಲು, ಅದು ತಿರುಗಿ ನೋಡಿದ ಬಗೆ, ಎಲ್ಲವನ್ನೂ ಸ್ಥಳದಲ್ಲಿಯೇ ಅವರ ಕಿವಿಗೆ ಮೆಲ್ಲಗೆ ವರದಿ ಮಾಡಲಾಗುವುದು.

7. ಆನೆ ಬಾರದಿದ್ದಲ್ಲಿ, ಬಂದಿತ್ತೆಂದು ಯಾರೂ ಸುಳ್ಳು ವರದಿ ಕೊಡಕೂಡದು. ಅವ್ವನಿಗೆ ಗೊತ್ತಾಗುತ್ತದೆ.

ಸಹಿ/-
ವೃಷಭೇಂದ್ರಪ್ಪ ಬಿನ್ ಗುರುಮಲ್ಲಮ್ಮ
ಕಚೇರಿ ಅಧೀಕ್ಷಕರು

ಪ್ರತಿಗಳು:
1. ಶ್ರೀ ಸೋಮೇಶ್: ಕೈ ಇಳಿಸುವ ಸಲುವಾಗಿ.
2. ಶ್ರೀ ಚಿಕ್ಕಬಸವಯ್ಯ: ಮಾದಪ್ಪನನ್ನು ಕಣ್ಣು ಬಿಟ್ಟುಕೊಂಡೇ ನೆನೆಯುವಂತೆ ಕೋರಿ.
3. ಆನೆ: ಇನ್ನೊಂದು ಸಲ ದಯಮಾಡಿಸುವಂತೆ ಕೈಮುಗಿದು ವಿನಂತಿ.
4. ಶ್ರೀಮತಿ ಗುರುಮಲ್ಲಮ್ಮ: ಪಕ್ಕದಲ್ಲಿ ಕೂತು ಓದಿ ಹೇಳಲಾಗುವುದು. ಫೋಟೋ ಲಗತ್ತಿಸಿಲ್ಲ.