ಕಾಕಾನ ಬಿ.ಪಿ.ಗೆ ಕನ್ನಡದ ಬೈಗುಳ

ನಮ್ಮ ಕಾಕಾ ಜಗಳಾಡಿದ್ರ ಅವನ ಬಿ.ಪಿ. ಇಳೀತದ! ನಗಬ್ಯಾಡ್ರಿ, ಕಣ್ಣಾರೆ ನೋಡೀನಿ.

ಕಲಬುರಗಿ ಬಿಟ್ಟು ಬಂದು ಮರಾಠಿ ಸೀಮಿಯ ರಾಂಜಣಗಾಂವದ ಫ್ಯಾಕ್ಟರಿಯೊಳಗ ದುಡಿದು ರಿಟೈರ್ ಆದ ಈ ಮನುಷ್ಯಾಗ ಮರಾಠಿ ನೀರು ಕುಡಿದಷ್ಟು ಸಲೀಸು. ಆದ್ರ ಮರಾಠಿಯೊಳಗ ಸಿಟ್ಟು ಮಾತ್ರ ಬರಂಗಿಲ್ಲ! ಕಾಯಿಪಲ್ಯಾದಾಕಿ ಹುಳುಕ ಬದನೀಕಾಯಿ ಕೊಟ್ರೂ "ಅಸೂ ದ್ಯಾ", ಇರಲಿ ಬಿಡ್ರಿ, ಅಂತ ಚೀಲಕ್ಕ ಹಾಕ್ಕೊಂಡು ಬರ್ತಾನ. ಮತ್ತ ದಿನದ ಸಿಟ್ಟೆಲ್ಲ ಎಲ್ಲಿ ಹೋಗಬೇಕು? ಮೊದಲು ಕಾಕಿ ಇದ್ಲು. ಇವ ಬಾಗಿಲಾ ದಾಟೂದ್ರಾಗ "ಎಲ್ಲಿ ಹಾಳಾಗಿ ಹೋಗಿದ್ರಿ? ರೊಟ್ಟಿ ಆರಿ ತಣ್ಣಗಾದ್ವು" ಅಂತ ಶುರು ಮಾಡ್ತಿದ್ಲು. ಅರ್ಧಾ ತಾಸು ಕಲಬುರಗಿ ಕನ್ನಡದಾಗ ಜಗಳ, ಆಮ್ಯಾಲೆ ಇಬ್ರೂ ಕೂಡಿ ಊಟ.

ಕಾಕಿ ತೀರಿಕೊಂಡ ಮ್ಯಾಲೆ ಕಾಕಾ ದಿನಾ ಸಂಜಿಮುಂದ ಶಿವಾಜಿನಗರ ಸ್ಟ್ಯಾಂಡಿಗೆ ಹೋಗಾಕ ಹತ್ತಿದ. ಕಲಬುರಗಿ ಬಸ್ಸು ಕಂಡ್ರ ಸಾಕು, ಕಂಡಕ್ಟರನ ಮ್ಯಾಲೆ ಕನ್ನಡದಾಗ ಹರಿಹಾಯೂದು! ಒಂದಿನ ಅವ ಬ್ಯಾಸತ್ತು, ನಿಮಗ ಎಲ್ಲಿಗೆ ಹೋಗೂದದರಿ ಯಜಮಾನ್ರ, ಅಂತ ಕೇಳಿದ.

"ನಾ ಎಲ್ಲಿಗೂ ಹೋಗಂಗಿಲ್ಲ. ಬಸ್ಸು ಯಾಕ ತಡಾ, ಅಷ್ಟು ಹೇಳು."

ಅಷ್ಟರಾಗ ಕಾಕಾನ ಕಣ್ಣಿಗೆ ಪೊರಿ ಬಂತು. ಬಿ.ಪಿ. ಇಳಿಯೂತನಕ ಆಪರೇಶನ್ ಇಲ್ಲ, ಸಿಟ್ಟು ಪೂರ್ತಿ ಬಂದ್ ಅಂದ್ರು ಡಾಕ್ಟರು. ಮರಾಠಿ ಸೊಸಿ, ಅಂದ್ರ ನಮ್ಮ ವೈನಿ, ಭಾಳ ಕಾಳಜಿದಾಕಿ. ಸ್ಟ್ಯಾಂಡ್ ಬಿಡಿಸಿದ್ಲು, ಉಪ್ಪು ಬಿಡಿಸಿದ್ಲು, ಬರೇ ಮೆತ್ತಗ ಮಾತಾಡಿದ್ಲು. ಕಾಕಾ ಅರ್ಧ ಭಾಕರಿ, ಅಂದ್ರ ಅರ್ಧ ರೊಟ್ಟಿ, ತಿಂದು ಏಳತಿದ್ದ. ಬಿ.ಪಿ. ಮತ್ತಷ್ಟು ಏರಿ ಕೂತಿತು! ಆಪರೇಶನ್ ಎರಡು ಸಲ ಮುಂದ ಹೋತು. ಗ್ವಾಡಿಮ್ಯಾಗಿನ ಕಾಕಿ ಫೋಟೋನೂ ಕಾಣವಲ್ದು ಅಂದ ಅವ.

ನಾ ಏನು ಕಡಿಮಿ ಮಾಡೀನಿ ಅಂತ ವೈನಿ ಕಣ್ಣೀರು ಹಾಕಿದ್ಲು.

"ಬೈಯೂದೊಂದು ಕಡಿಮಿ ಆಗೇದ್ರಿ ವೈನಿ" ಅಂದೆ.

ಕಾಕಿ ಏನಂತ ಬೈತಿದ್ಲು ಅಂತ ವೈನಿ ನನ್ನ ಕೇಳಿ, ಆ ಸಾಲು ಮರಾಠಿ ಅಕ್ಷರದಾಗ ಕ್ಯಾಲೆಂಡರ್ ಮ್ಯಾಲೆ ಬರಕೊಂಡ್ಲು. ಮೂರು ದಿನ ಕುಕ್ಕರಿನ ಮುಂದ ನಿಂತು ಬಾಯಿಪಾಠ! ನಾಕನೇ ದಿನ ಕಾಕಾ ವಾಕಿಂಗ್ ಮುಗಿಸಿ ಬಂದ. ವೈನಿ ಸೊಂಟಕ್ಕ ಸೆರಗು ಸಿಗಿಸಿ, ತೊದಲಿಕೋತನ, "ಎಲ್ಲಿ ಹಾಳಾಗಿ ಹೋಗಿದ್ರಿ" ಅಂತ ಶುರು ಮಾಡಿ ಪೂರಾ ಬೈದು ಮುಗಿಸಿದ್ಲು.

ಕಾಕಾ ಬಾಗಿಲಾ ಹಿಡಕೊಂಡು ನಿಂತ. "ರೊಟ್ಟಿ ಆರಿದ್ರ ಆರ್ಲಿ! ನಾ ಏನು ಸಣ್ಣ ಹುಡುಗನೇನು?" ಅಂತ ದನಿ ಏರಿಸಿದ. ಅವತ್ತು ಎರಡು ಭಾಕರಿ ತಿಂದ.

ದಿನಾ ಜಗಳ ನಡೀತು, ಬಿ.ಪಿ. ಇಳೀತು, ಆಪರೇಶನ್ನೂ ಆತು. ಗುಳಿಗಿ ಚಲೋ ಹತ್ತೇದ ಅಂದ್ರು ಡಾಕ್ಟರು. ನಾವು ಹೂಂ ಅಂದ್ವಿ.

ಪಟ್ಟಿ ಬಿಚ್ಚಿದ ದಿನ ಕಾಕಾ ಫೋಟೋದ ಮುಂದ ಭಾಳ ಹೊತ್ತು ನಿಂತ. ಆಮ್ಯಾಲೆ ಅಡಗಿಮನಿಗೆ ಹೋಗಿ, ಕ್ಯಾಲೆಂಡರಿನ ಮ್ಯಾಲಿನ ಸಾಲು ಬಟ್ಟು ಇಟ್ಟು ಓದಿ, ವೈನೀನ ಕರದ.

"ಇದೊಂದ ಸಾಲಂಗಿಲ್ಲವಾ ತಂಗಿ. ನಿಮ್ಮತ್ತಿ ಇನ್ನೂ ಭಾಳ ಬೈತಿದ್ಲು. ಪೆನ್ನು ತಗೋ, ನಾ ಹೇಳ್ತೀನಿ, ಬರಕೋ."