ಅತ್ತೆಯ ಚುರಮುರಿ ಭೂಗೋಳ

ಹವಾಮಾನವನ್ನು ಹಲ್ಲಿನಿಂದ ಅಳೆಯುವವರನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ, ನನ್ನ ಸೋದರತ್ತೆಯೇ! ಬೆಳಗಾವಿಯ ಒಂದು ಶಾಲೆಯಲ್ಲಿ ಆಕೆ ಭೂಗೋಳದ ಟೀಚರು. ನಕಾಶೆ ಮರೆತಾಳು, ಚುರಮುರಿ ಡಬ್ಬಿ ಮಾತ್ರ ಮರೆಯುವುದಿಲ್ಲ. ಪಾಠ ಮುಗಿಯುವವರೆಗೆ ಡಬ್ಬಿ ತೆರೆದಿಟ್ಟು, ಆಮೇಲೆ ಮಕ್ಕಳಿಗೆ ತಿನ್ನಲು ಕೊಡುತ್ತಾಳೆ. ಗರಿಗರಿ ಎಂದರೆ ಒಣಹವೆ, ಮೆತ್ತಗಾದರೆ ತೇವದ ಹವೆ! ಪರೀಕ್ಷೆಯಲ್ಲೂ ಇದನ್ನೇ ಬರೆದರೆ ಮಾರ್ಕು ಕೊಡುವವರು ಯಾರು? ಮತ್ತಾರು, ಆಕೆಯೇ!

ಹೆಡ್‌ಮಾಸ್ತರರು ಹೊಸ ಗ್ಲೋಬು ತಂದಾಗ ಅದರ ಮೇಲೆ ಕೈಯಾಡಿಸಿ, "ಪೃಥ್ವಿ ಇಷ್ಟ ನುಣ್ಣಗಿದ್ರ ಘಟ್ಟ ಹತ್ತೂ ಬಸ್ಸು ಯಾಕ ತೇಕ್ತಾವ್ರಿ, ಸರ? ಬಯಲಸೀಮಿ ಸಾಂಬ್ರಾದಿಂದ ಘಟ್ಟದ ಜಾಂಬೋಟಿಗೆ ಒಮ್ಮೆ ಹೋಗಿಬರ್ರಿ. ಆ ಕಡೆ ಜ್ವಾಳ, ಈ ಕಡೆ ಭತ್ತ, ನಡುವ ನಾವು. ಮುಗೀತು ಪಾಠ!" ಎಂದಳು.

ನನಗೆ ಹೆಣ್ಣು ನೋಡಲು ಖಾನಾಪುರಕ್ಕೆ ಹೋದಾಗಲೂ ಅಷ್ಟೇ. ಅವರು ಕೊಟ್ಟ ಚುರಮುರಿ ಒಂದು ಮುಕ್ಕು ಮುಕ್ಕಿ, "ನಿಮ್ಮ ಅಡಗಿಮನಿ ಗ್ವಾಡಿ ಸೋರ್ತೈತೇನ್ರಿ?" ಎಂದುಬಿಟ್ಟಳು. ಖರೇ ಸೋರುತ್ತಿತ್ತು! ಹುಡುಗಿ ನೋಡಲು ಹೋದವರು ಗೋಡೆ ನೋಡಿ ಬಂದೆವು.

ಈ ವರ್ಷ ಆಕೆಯ ತರಗತಿಗೆ ಜಾಂಬೋಟಿ ಕಡೆಯ ಹುಡುಗಿಯೊಬ್ಬಳು ಸೇರಿದಳು. ವಾರವೆಲ್ಲ ಬೆಳಗಾವಿಯ ಚಿಕ್ಕಮ್ಮನ ಮನೆ, ಶನಿವಾರ ತನ್ನೂರು. ಅಲ್ಲಿನ ಮಳೆಗಾಲದಲ್ಲಿ ಬಟ್ಟೆಗೆ ಬಿಸಿಲೆಲ್ಲಿ ಬರಬೇಕು? ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಹಾಗಾಗಿ ಸೋಮವಾರ ಅವಳ ಯೂನಿಫಾರ್ಮು ಹೊಗೆಯ ವಾಸನೆ ಹೊಡೆಯುತ್ತಿತ್ತು. ಬಾಜೂ ಕೂತ ಹುಡುಗಿ ಮೂಗು ಮುಚ್ಚಿಕೊಂಡು ದೂರ ಸರಿದಳು, ಉಳಿದವರು ನಕ್ಕರು. "ಅಕ್ಕೋರ, ನಾ ಇನ್ನ ಸಾಲಿಗೆ ಬರೂದಿಲ್ರಿ" ಎಂದು ಅವಳು ಅತ್ತೆಯ ಮುಂದೆ ಅತ್ತಳಂತೆ.

ಅತ್ತೆ ಯಾರನ್ನೂ ಬಯ್ಯಲಿಲ್ಲ. "ಶನಿವಾರ ಹವಾಮಾನ ನೋಡಾಕ ಜಾಂಬೋಟಿಗೆ ಹೋಗೂಣು. ಛತ್ರಿ ತಂದವರಿಗೆ ಮಾರ್ಕಿಲ್ಲ!" ಎಂದು ಸಾರಿದಳು. ಜುಲೈ ತಿಂಗಳು ಸ್ವಾಮಿ! ಕಾವಲಿಗೆಂದು ನನ್ನನ್ನೂ ಹಿಡಿದುಕೊಂಡು ಹೋದಳು.

"ಇಷ್ಟ ಮಕ್ಕಳನ್ನ ಕರ್ಕೊಂಡು ಎಲ್ಲಿಗ್ರಿ, ಬಾಯಾರ?" ಎಂದ ಕಂಡಕ್ಟರು.

"ಮಳಿ ಪಾಠ ಐತ್ರಿ."

"ಅದಕ್ಯಾಕ ಟಿಕೆಟ್ ತಗೀತೀರಿ? ಕಿಡಕ್ಯಾಗ ಕೈ ಚಾಚ್ರಿ!"

ಜಾಂಬೋಟಿಯಲ್ಲಿ ಇಳಿದದ್ದೇ ತಡ, ಎಲ್ಲರೂ ತೊಯ್ದು ತೊಪ್ಪೆಯಾದೆವು. ಓಡಿ ಆ ಹುಡುಗಿಯ ಮನೆ ಸೇರಿದೆವು. ಅವಳ ತಾಯಿ ಎಲ್ಲರಿಗೂ ಚಾದರ ಹೊದಿಸಿ, ಅಂಗಿಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕತೊಡಗಿದರು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಇಲ್ಲಿ ದೊಡ್ಡ ಯಜಮಾನ್ತಿ! "ಆ ತುದಿಗೆ ಹಾಕಬ್ಯಾಡ್ರಿ, ಮಸಿ ಹತ್ತತೈತಿ!"

ಮೂಗು ಮುಚ್ಚಿಕೊಂಡಿದ್ದ ಹುಡುಗಿ ಹಗ್ಗವನ್ನೇ ನೋಡುತ್ತಾ ಕೇಳಿದಳು: "ದಿನಾ ಹಿಂಗ ಒಣಗಸ್ತೀರೇನ?"

"ಮಳಿಗಾಲ ಮುಗಿಯೂತನಕ."

ಸಂಜೆ ಹೊಗೆಯ ವಾಸನೆಯ ಅಂಗಿ ತೊಟ್ಟು ಎಲ್ಲರೂ ಬಸ್ಸು ಹತ್ತಿದೆವು. ಬೀಳ್ಕೊಡಲು ಬಂದ ಆ ಹುಡುಗಿ ಕೆಳಗೆ ಒಂಟಿಯಾಗಿ ನಿಂತಿದ್ದಳು. ಅಂದು ಮೂಗು ಮುಚ್ಚಿದ್ದವಳು ಕಿಟಕಿಯಿಂದ ಅರ್ಧ ಹೊರಬಾಗಿ ಕೂಗಿದಳು: "ಸೋಮವಾರ ನನ್ನ ಬಾಜೂನ ಕುಂದರಬೇಕು. ಬರ್ತೀ ಇಲ್ಲೋ?"

"ಬರ್ತೀನಿ!"

ಊರೆಲ್ಲರ ಜೊತೆ ವಾದ ಮಾಡುವ ನನ್ನ ಅತ್ತೆ ಡಬ್ಬಿ ತೆರೆದು, ಮೆತ್ತಗಾದ ಚುರಮುರಿಯನ್ನು ಮಕ್ಕಳಿಗೆಲ್ಲ ಹಂಚಿದಳು. ಆಕೆಯ ಮೇಲೆ ಎಂಥ ಪ್ರೀತಿ ಉಕ್ಕಿತು! ಚಿಕ್ಕವನಿದ್ದಾಗ ಹಿಡಿಯುತ್ತಿದ್ದಂತೆ ಆಕೆಯ ಕೈ ಹಿಡಿದುಕೊಂಡು ಕೂತೆ.